ಪ್ಯಾನೆಲ್ ಬೆನ್ನಿನ ಲೇಬಲ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ ಚಾವಣಿ ಸೋಲಾರ್ ಬಗ್ಗೆ

ಚಾವಣಿ ಮೇಲೆ ಸೋಲಾರ್ ಹಾಕಿಸಿ ಹದಿನಾಲ್ಕು ತಿಂಗಳಾಯಿತು. 540 ವಾಟ್‌ನ ಆರು ಪ್ಯಾನೆಲ್, 3 ಕಿಲೋವಾಟ್ ಇನ್ವರ್ಟರ್ ಒಂದು. ಬ್ಯಾಟರಿ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಮೋಟರ್ ವೈಂಡಿಂಗ್ ಮಾಡುತ್ತಿದ್ದೇನೆ. ಮೀಟರ್ ಹಿಡಿದು ನೋಡದೆ ಯಾವುದನ್ನೂ ನಂಬಿ ಅಭ್ಯಾಸವಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಿಸಿಲು ಚೆನ್ನಾಗಿದ್ದ ದಿನ 13ರಿಂದ 14 ಯೂನಿಟ್ ಬರುತ್ತದೆ. ಮೋಡ ಮುಚ್ಚಿದ ದಿನ 4 ಅಥವಾ 5. ಆರು ಪ್ಯಾನೆಲ್ ಸೇರಿ 3240 ವಾಟ್ ಆಗಬೇಕಲ್ವಾ, ಅಷ್ಟು ಯಾಕೆ ಬರುವುದಿಲ್ಲ ಅಂತ ಬೇಜಾರಾಗಬೇಡಿ. ನಾನು ನೋಡಿದ ಅತಿ ಜಾಸ್ತಿ 2700 ಚಿಲ್ಲರೆ. ಲೇಬಲ್ ಮೇಲಿನ ವಾಟ್ ಅಳೆದಿರುವುದು ಪ್ಯಾನೆಲ್‌ನೊಳಗೆ ಕರೆಂಟ್ ಹುಟ್ಟಿಸುವ ಸೆಲ್ 25 ಡಿಗ್ರಿ ಇದ್ದಾಗ. ಮಧ್ಯಾಹ್ನ ಪ್ಯಾನೆಲ್ ಬೆನ್ನು ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇಕಡಾ 0.35ರಷ್ಟು ಶಕ್ತಿ ಇಳಿಯುತ್ತದೆ. ಅದು ದೋಷವಲ್ಲ, ಸಿಲಿಕಾನ್‌ನ ಗುಣ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ತಂಪಿರುವಾಗ ನೀರು ಹಾಕಿ ಒರೆಸುತ್ತೇನೆ. ಬೇರೆ ಚಾಕರಿ ಏನೂ ಕೇಳುವುದಿಲ್ಲ.

ಹಾಕಿಸಿದ ದಿನವೇ ಆರೂ ಪ್ಯಾನೆಲ್‌ಗಳ ಬೆನ್ನಿನ ಲೇಬಲ್ ಫೋಟೋ ತೆಗೆದುಕೊಂಡಿದ್ದೆ. ಕಂಪನಿ ಚೀನಾದ್ದು, ತಯಾರಾದ ದೇಶ ವಿಯೆಟ್ನಾಂ. ಯಾಕೆ ಹೀಗೆ ಅಂತ ತಲೆಗೆ ಹತ್ತಿತು. ಓದುತ್ತಾ ಹೋದೆ. ನನ್ನ ಚಾವಣಿಯ ಗಾಜಿನ ಹಿಂದೆ ಎಷ್ಟೊಂದು ಸರ್ಕಾರಗಳು ಕೂತಿವೆ ಅಂತ ಆಗ ಗೊತ್ತಾಯಿತು.

ಸಿಲಿಕಾನ್ ಸೆಲ್ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆದರೆ ಅದನ್ನು ಸಾಕಿ ಬೆಳೆಸಿದವರು ಬೇರೆಯವರು. 1973ರ ತೈಲ ಬಿಕ್ಕಟ್ಟು ಬಂದಾಗ ಸ್ವಂತ ಎಣ್ಣೆಯಿಲ್ಲದ ಜಪಾನ್ ಹೆದರಿತು. ಮರುವರ್ಷವೇ ಸನ್‌ಶೈನ್ ಯೋಜನೆ ಶುರು ಮಾಡಿ ಸಂಶೋಧನೆಗೆ ಹಣ ಹಾಕಿತು. ಜರ್ಮನಿ 2000ದಲ್ಲಿ ಕಾನೂನು ಮಾಡಿ, ಸೋಲಾರ್ ಕರೆಂಟಿಗೆ ಯೂನಿಟ್‌ಗೆ 99 ಫೆನ್ನಿಗ್ (ಅವರ ಹಳೇ ಪೈಸೆ, ನೂರು ಸೇರಿದರೆ ಒಂದು ಮಾರ್ಕ್) ಕೊಡುತ್ತೇವೆ, ಅದೂ 20 ವರ್ಷ ಅಂತ ಮಾತು ಕೊಟ್ಟಿತು. ಜನ ಮುಗಿಬಿದ್ದು ಹಾಕಿಸಿದರು. ಆ ಬೇಡಿಕೆಗೆ ಮಾಲು ಒದಗಿಸಲು ಚೀನಾದಲ್ಲಿ ಕಾರ್ಖಾನೆಗಳು ಎದ್ದವು. ಅಲ್ಲಿನ ಸರ್ಕಾರಕ್ಕೆ ರಫ್ತು ಬೇಕಿತ್ತು, ಕೆಲಸ ಬೇಕಿತ್ತು. ಮುಂದೆ ಇದೇ ದೊಡ್ಡ ಉದ್ಯಮವಾಗುತ್ತದೆ ಎಂಬ ಲೆಕ್ಕವೂ ಇತ್ತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿ ಪ್ರಕಾರ, 2011ರಿಂದ ಚೀನಾ ಈ ಕಾರ್ಖಾನೆಗಳಿಗೆ 5000 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದಿದೆ. ಯುರೋಪ್ ಹಾಕಿದ್ದರ ಹತ್ತು ಪಟ್ಟು. ಸೆಲ್‌ನ ಕಚ್ಚಾ ಮಾಲಾದ ಪಾಲಿಸಿಲಿಕಾನ್‌ನಿಂದ ಪ್ಯಾನೆಲ್‌ವರೆಗೆ ಪ್ರತಿ ಹಂತದಲ್ಲೂ ಅದರ ಪಾಲು ಶೇಕಡಾ 80 ದಾಟಿದೆ.

ಇನ್ನು ವಿಯೆಟ್ನಾಂ. ಅಮೆರಿಕ 2012ರಲ್ಲಿ ಚೀನಾದ ಸೆಲ್‌ಗಳ ಮೇಲೆ ಸುಂಕ ಹಾಕಿತು. ಕಂಪನಿಗಳು ವಿಯೆಟ್ನಾಂ, ಮಲೇಷ್ಯಾ, ಥಾಯ್ಲೆಂಡ್, ಕಾಂಬೋಡಿಯಾಗಳಲ್ಲಿ ಕಾರ್ಖಾನೆ ತೆರೆದವು. ಯುರೋಪ್ 2013ರಲ್ಲಿ ಚೀನಾದ ಪ್ಯಾನೆಲ್‌ಗೆ ಕನಿಷ್ಠ ಬೆಲೆ ಕಟ್ಟಿತು, 2018ರಲ್ಲಿ ಕೈಬಿಟ್ಟಿತು. ಭಾರತ ತನ್ನ ಸೋಲಾರ್ ಮಿಷನ್‌ನಲ್ಲಿ ದೇಶೀ ಸೆಲ್ಲೇ ಬಳಸಬೇಕು ಎಂದಾಗ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2016ರಲ್ಲಿ ಗೆದ್ದಿತು. ಅದೇ ಅಮೆರಿಕ 2022ರಲ್ಲಿ ತನ್ನ ನೆಲದಲ್ಲಿ ಪ್ಯಾನೆಲ್ ಮಾಡುವವರಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಭಾರತವೂ ಅದೇ ವರ್ಷ ಹೊರಗಿನ ಪ್ಯಾನೆಲ್‌ಗೆ ಶೇಕಡಾ 40 ಸುಂಕ ಹಾಕಿತು.

ಭೂಮಿಯ ಬಿಸಿ ಕಡಿಮೆಯಾಗಲಿ ಅಂತಲೇ ಇವರೆಲ್ಲ ಹಣ ಹಾಕಿದರು ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬರಿಗೆ ಎಣ್ಣೆಯ ಭಯ, ಒಬ್ಬರಿಗೆ ರಫ್ತು, ಇನ್ನೊಬ್ಬರಿಗೆ ಪಕ್ಕದವರ ಕೈ ಕಾಯಬೇಕಲ್ಲ ಎಂಬ ಚಿಂತೆ. ಆದರೂ ಈ ಪೈಪೋಟಿಯಿಂದಲೇ ಪ್ಯಾನೆಲ್ ನನ್ನಂಥವನ ಕೈಗೆ ಎಟುಕಿತು. ಅದನ್ನು ನಾನು ಮರೆಯುವುದಿಲ್ಲ.

ಈಗ ಕೆಟ್ಟದ್ದು. ಒಂಬತ್ತನೇ ತಿಂಗಳಲ್ಲಿ ಉತ್ಪಾದನೆ ಸ್ವಲ್ಪ ಇಳಿಯಿತು. ಜಾಸ್ತಿ ಅಲ್ಲ, ಹದಿನೆಂಟರಲ್ಲಿ ಒಂದು ಪಾಲು. ಆ್ಯಪ್ ಮಾತ್ರ ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇನ್ವರ್ಟರ್ ಆಫ್ ಮಾಡಿ ಒಂದೊಂದೇ ಪ್ಯಾನೆಲ್‌ಗೆ ಮೀಟರ್ ಹಿಡಿದೆ. ಐದರಲ್ಲಿ 48 ವೋಲ್ಟ್ ಆಸುಪಾಸು, ನಾಲ್ಕನೆಯದರಲ್ಲಿ ಬರೀ 32. ಒಂದು ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ; ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಪಕ್ಕದಿಂದ ದಾಟಲು, ಮೂರನೇ ಒಂದು ಭಾಗಕ್ಕೆ ಒಂದರಂತೆ. ಒಂದು ಶಾರ್ಟ್ ಆದರೆ ಮೂರನೇ ಒಂದು ಭಾಗ ಹೋದಂತೆ. ಡಯೋಡ್ ಪುಟ್ಟ ಬಿಡಿಭಾಗ. ಆದರೆ ಪ್ಯಾನೆಲ್ ಬೆನ್ನಿನ ಡಬ್ಬಿಯೊಳಗೆ ಅದನ್ನಿಟ್ಟು ಅಂಟು ತುಂಬಿ ಮುಚ್ಚಿರುತ್ತಾರೆ. ಬಿಚ್ಚಿದರೆ ವಾರಂಟಿ ಹೋಗುತ್ತದೆ. ಕೈಯಲ್ಲಿ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಸುಮ್ನೆ ಕೂರಬೇಕಾಯಿತು.

ವಾರಂಟಿ ಕಾಗದ ತೆಗೆದೆ. ಪ್ಯಾನೆಲ್‌ಗೆ 12 ವರ್ಷ. ಶಕ್ತಿಗೆ 25 ವರ್ಷ, ಕೊನೆಗೂ ಶೇಕಡಾ 84.8 ಉಳಿಯುತ್ತದೆ ಅಂತ ಬರೆದಿದೆ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸುಂಕ ಏರಿದ ಮೇಲೆ ವ್ಯಾಪಾರ ಗಿಟ್ಟದೆ ಇಲ್ಲಿನ ಆಫೀಸು ಮುಚ್ಚಿದ್ದಾರೆ ಅಂತ ಆಮೇಲೆ ತಿಳಿಯಿತು. ಕಂಪನಿಯ ಹೆಸರು ಬೇಡ. ಮೇಲ್ ಮೇಲೆ ಮೇಲ್ ಕಳಿಸಿ, ಫೋಟೋ, ಸೀರಿಯಲ್ ನಂಬರ್, ಮೀಟರ್ ರೀಡಿಂಗ್ ಎಲ್ಲ ಕೊಟ್ಟು, ಏಳು ವಾರ ಕಾದ ಮೇಲೆ ಬದಲಿ ಪ್ಯಾನೆಲ್ ಬಂತು. ಹಳೇ ಮಾಡೆಲ್ ನಿಂತುಹೋಗಿತ್ತು, 550 ವಾಟ್‌ನದು ಕೊಟ್ಟರು. ಕಂಪನಿ ಬದುಕಿತ್ತು, ಅದಕ್ಕೆ ಬಂತು. ಒಂದು ಕಾಲದಲ್ಲಿ ಜಗತ್ತಿನಲ್ಲೇ ದೊಡ್ಡ ಸೆಲ್ ತಯಾರಕನಾಗಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲಿ ದಿವಾಳಿಯಾಯಿತು. ಚೀನಾದ ಸನ್‌ಟೆಕ್‌ನ ಮುಖ್ಯ ಘಟಕ 2013ರಲ್ಲಿ ಮುಳುಗಿತು. ಅಮೆರಿಕ ಸರ್ಕಾರ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿದ್ದ ಸೊಲಿಂಡ್ರಾ 2011ರಲ್ಲೇ ಬಾಗಿಲು ಹಾಕಿತು.

ನನ್ನ ದೊಡ್ಡ ದೂರು ಇದೇ. ಕಾರ್ಖಾನೆ ಕಟ್ಟುವವರಿಗೆ ಸರ್ಕಾರಗಳು ಹಣ ಕೊಡುತ್ತವೆ, ಕೊಳ್ಳುವವರಿಗೂ ಕೊಡುತ್ತವೆ. ಆಮೇಲಿನ 25 ವರ್ಷಕ್ಕೆ ಯಾರು ಹೊಣೆ? ಸುಂಕ ಹಾಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದೇ ದೇಶವನ್ನು ನಂಬಿ ಕೂರುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಪ್ರತಿ ಪ್ಯಾನೆಲ್ ಮಾರಾಟದಲ್ಲೂ ಒಂದು ಸಣ್ಣ ಪಾಲು ತೆಗೆದಿಟ್ಟು, ಕಂಪನಿ ಹೋದರೂ ವಾರಂಟಿ ನಡೆಯುವ ಹಾಗೆ ನಿಧಿ ಮಾಡಬಹುದಲ್ವಾ?

ಲೇಬಲ್‌ನ ಬಗ್ಗೆ ಇನ್ನೊಂದು ಮಾತು. ಜೋಡಿಸಿದ ದೇಶ ಅದರಲ್ಲಿದೆ. ಪಾಲಿಸಿಲಿಕಾನ್ ಎಲ್ಲಿಯದು ಅಂತ ಇಲ್ಲ. ಚೀನಾದ ಶಿಂಜಿಯಾಂಗ್ ಪ್ರಾಂತ್ಯದ ಬಲವಂತದ ದುಡಿಮೆಯ ಆತಂಕದಿಂದ ಅಮೆರಿಕ ಮಾಡಿದ ಆಮದು ತಡೆ ಕಾನೂನು 2022ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಪಾಲಿಸಿಲಿಕಾನ್ ಮೇಲೆ ವಿಶೇಷ ಕಣ್ಣಿದೆ. ಇದರಲ್ಲಿ ಪೈಪೋಟಿಯ ಲೆಕ್ಕ ಎಷ್ಟಿದೆಯೋ, ನನಗೆ ಬೇಡ. ನನ್ನ ದೀಪಕ್ಕೆ ಯಾರದೋ ಬಿಟ್ಟಿ ಬೆವರು ಬಿದ್ದಿಲ್ಲ ಅಂತ ತಿಳಿಯಲು ನನಗೆ ದಾರಿಯಿಲ್ಲ. ಇದು ಮನಸ್ಸಿಗೆ ಚುಚ್ಚುತ್ತದೆ.

ಹಾಕಿಸುವವರಿಗೆ ಹೇಳುವುದಿಷ್ಟು: ಪ್ಯಾನೆಲ್ ಮೇಲಕ್ಕೆ ಹೋಗುವ ಮುಂಚೆಯೇ ಎಲ್ಲ ಲೇಬಲ್‌ಗಳ ಫೋಟೋ ತೆಗೆದಿಡಿ. ವಾರಂಟಿ ಕೊಡುವವರ ಆಫೀಸು ನಿಮ್ಮ ದೇಶದಲ್ಲಿ ಯಾರ ಹೆಸರಲ್ಲಿದೆ ಅಂತ ಬರಹದಲ್ಲಿ ಕೇಳಿ. ಪ್ರತಿ ಪ್ಯಾನೆಲ್‌ನ ವೋಲ್ಟೇಜ್ ಮೊದಲ ದಿನವೇ ಅಳೆಸಿ ಬರೆದಿಟ್ಟುಕೊಳ್ಳಿ. ನನ್ನ ಪುಸ್ತಕದಲ್ಲಿ ನಾಲ್ಕನೇ ಸಾಲು ಹೊಡೆದುಹಾಕಿ ಹೊಸದು ಬರೆದಿದ್ದೇನೆ: 48.6.