ಎಲ್ಲವೂ ಕಂಡಿತು, ಮುಖವೊಂದನ್ನು ಬಿಟ್ಟು: ನಾಲ್ಕು ಕ್ಯಾಮೆರಾಗಳ ಜೊತೆ ನಾಲ್ಕು ವರ್ಷ

ಮನೆಯ ಕಾವಲಿಗೆ ಎರಡು ಮೆಗಾಪಿಕ್ಸೆಲ್‌ನ ನಾಲ್ಕು ಬುಲೆಟ್ (ಕೊಳವೆಯಾಕಾರದ) ಸಿಸಿಟಿವಿ ಕ್ಯಾಮೆರಾಗಳು, ಒಂದು ರೆಕಾರ್ಡರ್, ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್. ನಾಲ್ಕು ವರ್ಷಗಳಿಂದ ಹಗಲೂ ರಾತ್ರಿ ಓಡುತ್ತಿವೆ. ಉಪಕರಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ಅಡಾಪ್ಟರ್ ಸುಟ್ಟುಹೋಯಿತು, ಬದಲಿಸಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದ ಮುಕ್ಕಾಲು ಪಾಲು ನನ್ನ ಲೆಕ್ಕಕ್ಕೇ ಸೇರಬೇಕು. ಮೊದಲ ಒಂದೂವರೆ ವರ್ಷ ಅವು ಇರಬಾರದ ಜಾಗದಲ್ಲಿದ್ದವು.

ಅಳವಡಿಸಲು ಬಂದವರು "ಎಲ್ಲಿ ಕೂರಿಸಲಿ?" ಎಂದು ಕೇಳಿದಾಗ, "ಆದಷ್ಟು ಮೇಲೆ, ಯಾರ ಕೈಗೂ ಸಿಗಬಾರದು, ಎಲ್ಲವೂ ಕಾಣಬೇಕು" ಎಂದಿದ್ದೆ. ಹದಿನಾರು ಅಡಿ ಎತ್ತರದ ಸೂರಿನ ಕೆಳಗೆ ಕೂರಿಸಿದರು. ಗೇಟು, ಅಂಗಳ, ರಸ್ತೆಯ ಎರಡೂ ತುದಿ, ಎಲ್ಲವೂ ಪರದೆಯ ಮೇಲೆ. ಬಂದವರಿಗೆಲ್ಲ ಮೊಬೈಲ್ ತೆರೆದು ತೋರಿಸುತ್ತಿದ್ದೆ.

ಆಮೇಲೆ ಒಂದು ರಾತ್ರಿ ಸೈಕಲ್ ಹೋಯಿತು. ಒಬ್ಬ ಗೇಟು ತೆರೆದ, ಸುತ್ತ ನೋಡಿದ, ಸೈಕಲ್ ಎತ್ತಿಕೊಂಡು ಹೊರಟ. ಎಲ್ಲವೂ ದಾಖಲಾಗಿದೆ. ಆದರೆ ಕಂಡದ್ದು ಟೋಪಿಯ ನೆತ್ತಿ, ಎರಡು ಭುಜ, ಅಷ್ಟೇ. ಹಿಗ್ಗಿಸಿ ನೋಡಿದರೆ ಮುಖ ಇರಬೇಕಾದಲ್ಲಿ ಬೂದು ಬಣ್ಣದ ಚೌಕಗಳು. ಟೋಪಿಯ ನೆತ್ತಿಯಲ್ಲೊಂದು ಗುಂಡಿ ಇತ್ತೆಂದು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ.

ಆಗ ಲೆಕ್ಕ ಹಾಕಲು ಕುಳಿತೆ. ಕ್ಯಾಮೆರಾ ಅಳವಡಿಕೆಗೆ ಯುರೋಪಿನ ಒಂದು ಮಾನದಂಡವಿದೆ. ಅದರ ಆಗಿನ ಆವೃತ್ತಿಯ ಪ್ರಕಾರ ಅಪರಿಚಿತನ ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕಿತ್ತು. ಪರಿಚಿತನೋ ಅಲ್ಲವೋ ಎಂದು ತಿಳಿಯಲು 125 ಸಾಕಿತ್ತು. ನನ್ನ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು ಏಳೂವರೆ ಮೀಟರ್; ದೃಶ್ಯ ಅದಕ್ಕಿಂತ ಅಗಲವಾದರೆ ಅಪರಿಚಿತನ ಗುರುತು ಸಿಗದು. ಅದರೊಂದಿಗೆ ಬಂದ 2.8 ಮಿಲಿಮೀಟರ್ ಲೆನ್ಸ್ ಎಷ್ಟು ಅಗಲಕ್ಕೆ ನೋಡುತ್ತದೆಂದರೆ, ಮೂರು ಮೀಟರ್ ದೂರದಲ್ಲೇ ಆ ಮಿತಿ ಮುಗಿಯುತ್ತದೆ. ನನ್ನ ಸೂರಿನಿಂದ ಗೇಟಿಗೆ ಒಂಬತ್ತು ಮೀಟರ್! ಎಲ್ಲವನ್ನೂ ನೋಡಬೇಕೆಂಬ ಆಸೆಯೇ ಮುಖವನ್ನು ನುಂಗಿತ್ತು.

ಈಗ ಗೇಟಿನ ಕ್ಯಾಮೆರಾ ಎಂಟು ಅಡಿ ಎತ್ತರದಲ್ಲಿ, ಪಕ್ಕದ ಗೋಡೆಯಲ್ಲಿದೆ. ಲೆನ್ಸ್ 6 ಮಿಲಿಮೀಟರ್, ನೋಟ ಕಿರಿದು. ಅಂಗಳ ಅದಕ್ಕೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಒಳಗೆ ಬರುವವರು ಆ ಕಿರಿದಾದ ದಾರಿಯನ್ನು ಹಾದೇ ಬರಬೇಕು. ಮುಂಬಾಗಿಲಿನದು ಬಾಗಿಲ ನೆತ್ತಿಯ ಮೇಲಿಲ್ಲ, ಪಕ್ಕಕ್ಕಿದೆ, ಏಕೆಂದರೆ ಬೆಲ್ ಒತ್ತುವವರು ಆ ಕಡೆಗೇ ತಿರುಗುತ್ತಾರೆ. ಮೂರನೆಯದು ಹಿಂಬಾಗಿಲಿಗೆ. ನಾಲ್ಕನೆಯದನ್ನು ಹಳೆಯ ಎತ್ತರದಲ್ಲೇ ಬಿಟ್ಟಿದ್ದೇನೆ. ಬಂದವರು ಎತ್ತ ಹೋದರು ಎಂದು ಹೇಳಲು ಅಷ್ಟು ಸಾಕು, ಜೊತೆಗೆ ಕೆಳಗಿನ ಕ್ಯಾಮೆರಾಗಳಿಗೆ ಯಾರಾದರೂ ಕೈ ಹಾಕಿದರೆ ಅದೂ ಅದಕ್ಕೆ ಕಾಣುತ್ತದೆ.

ರಾತ್ರಿಯ ಕಥೆಯೇ ಬೇರೆ. ಹಿಂಬಾಗಿಲಿನ ಕ್ಯಾಮೆರಾವನ್ನು ಸುಣ್ಣ ಬಳಿದ ಗೋಡೆಗೆ ತೀರಾ ಒತ್ತಿ ಕೂರಿಸಿದ್ದೆವು. ಕತ್ತಲಲ್ಲಿ ನೋಡಲು ಅದು ಚೆಲ್ಲುವ ಇನ್‌ಫ್ರಾರೆಡ್ ಬೆಳಕು ಗೋಡೆಗೆ ಬಡಿದು ಮರಳಿ, ಅರ್ಧ ಪರದೆ ಹಾಲಿನಂತೆ ಬೆಳ್ಳಗಾಗುತ್ತಿತ್ತು, ಉಳಿದರ್ಧ ಕಾಡಿಗೆಯಂತೆ ಕಪ್ಪು. ಒಂದು ಗೇಣು ಈಚೆಗೆ ತಂದು ಸ್ವಲ್ಪ ತಿರುಗಿಸಿದೆ, ಸರಿಹೋಯಿತು. ಕ್ಯಾಮೆರಾದ ಸುತ್ತ ಹುಳುಗಳು ಬರುತ್ತವೆ, ಹುಳುಗಳ ಹಿಂದೆ ಜೇಡ. ಲೆನ್ಸಿನ ಮುಂದೆ ಒಂದೇ ಒಂದು ಎಳೆ ಅಲುಗಿದರೂ ಮೊಬೈಲಿಗೆ "ಚಲನೆ ಪತ್ತೆಯಾಗಿದೆ" ಎಂಬ ಸಂದೇಶ ಬರುತ್ತದೆ, ಅದೂ ನಡುರಾತ್ರಿ ಮೂರು ಗಂಟೆಗೆ. ತಿಂಗಳಿಗೊಮ್ಮೆ ಪೊರಕೆ ಹಿಡಿಯದೆ ವಿಧಿಯಿಲ್ಲ. ಗೇಟಿನ ಬಳಿ ಒಂದು ಸಾಮಾನ್ಯ ದೀಪ ಹಾಕಿದ ಮೇಲೆ ನಡೆಯುವವರ ಚಿತ್ರ ಕದಡುವುದು ಬಹಳ ಕಡಿಮೆಯಾಗಿದೆ.

ಸೂರ್ಯನನ್ನೂ ಮರೆಯಬೇಡಿ. ಪೂರ್ವಕ್ಕೆ ಮುಖ ಮಾಡಿದ ಕ್ಯಾಮೆರಾ ಬೆಳಗ್ಗೆ ಒಂದು ಗಂಟೆ ಕುರುಡು. ರೆಕಾರ್ಡರನ್ನು ಟಿ.ವಿ. ಕೆಳಗಿನಿಂದ ಬೀಗವಿರುವ ಕೋಣೆಗೆ ಸಾಗಿಸಿ ಯು.ಪಿ.ಎಸ್. ಕೊಟ್ಟಿದ್ದೇನೆ; ಕಳ್ಳ ಅದನ್ನೇ ಹೊತ್ತೊಯ್ದರೆ ಮಿಕ್ಕ ಖರ್ಚೆಲ್ಲ ದಂಡ. ಪಕ್ಕದ ಮನೆಯ ಕಿಟಕಿ ಎತ್ತರದ ಕ್ಯಾಮೆರಾಕ್ಕೆ ಬೀಳುತ್ತಿತ್ತು. ಅವರು ಕೇಳುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಆ ಭಾಗಕ್ಕೆ ಕಪ್ಪು ಪಟ್ಟಿ ಎಳೆದೆ.

ಗೋಡೆಗೆ ರಂಧ್ರ ಕೊರೆಯುವ ಮೊದಲು ಒಂದು ರಾತ್ರಿ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ, ಮನೆಯವರನ್ನು ಅದರ ಮುಂದೆ ನಡೆಸಿ ನೋಡಿ. ಜಾಗ ಬದಲಿಸುವಾಗ ನಾನು ಮಗಳಿಗೆ ಟೋಪಿ ಹಾಕಿಸಿ ಗೇಟಿನಿಂದ ಬರಹೇಳಿದೆ. ಈ ಸಲ ಟೋಪಿಯ ಗುಂಡಿ ಕಾಣಲಿಲ್ಲ, ಮೂಗಿನ ಮೇಲಿನ ಮೊಡವೆ ಕಂಡಿತು. ಆ ವಿಡಿಯೊ ಅಳಿಸು ಎಂದು ಅವಳು ಇನ್ನೂ ಕಾಡುತ್ತಿದ್ದಾಳೆ.