ಬ್ಯಾಟರಿ ಬೇಡದ ಇಯರ್‌ಮಫ್: ಒಂದು ತಗೊಂಡೆವು, ಈಗ ಎರಡು ಬೇಕಾಗಿದೆ

ಮಗನಿಗೆ ಆಟಿಸಂ ಇದೆ, ಈಗ ಒಂಬತ್ತನೇ ಕ್ಲಾಸು. ಬೆಲ್ ಹೊಡೆದರೆ, ಯಾರಾದರೂ ಬೆಂಚು ಎಳೆದರೆ ಅವನಿಗೆ ತಡೆಯೋಕೆ ಆಗುವುದಿಲ್ಲ. ಅದಕ್ಕೇ ಕಿವಿ ಪೂರ್ತಿ ಮುಚ್ಚುವ ಈ ಇಯರ್‌ಮಫ್ ತಗೊಂಡೆವು, ಕಾರ್ಖಾನೆಗಳಲ್ಲಿ ಹಾಕಿಕೊಳ್ಳುತ್ತಾರಲ್ಲ, ಆ ಥರದ್ದು. ಸುಮಾರು 25 ಡೆಸಿಬಲ್ ತಗ್ಗಿಸುತ್ತದೆ ಅಂತ ಡಬ್ಬಿ ಮೇಲಿದೆ. ಕ್ಲಾಸಲ್ಲಿ ಅಷ್ಟೆಲ್ಲ ಸಿಗುವುದಿಲ್ಲ. ಕನ್ನಡಕ ಇದ್ದರೆ ಇನ್ನೂ ಕಡಿಮೆ, ಕಡ್ಡಿಯ ಸಂದಿಯಲ್ಲಿ ಸದ್ದು ನುಗ್ಗುತ್ತದೆ. ಆದರೂ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿಗಿಂತ ಸ್ಕೂಲಿಗೆ ಇದೇ ವಾಸಿ. ಅವು ಫ್ಯಾನು, ಬಸ್ಸಿನ ಇಂಜಿನ್ ಥರ ಒಂದೇ ಸಮನೆ ಬರುವ ಸದ್ದಿಗೆ ಚೆನ್ನಾಗಿರುತ್ತವೆ, ದಿಢೀರನೆ ಹೊಡೆಯುವ ಬೆಲ್‌ಗೆ ಅಷ್ಟಕ್ಕಷ್ಟೆ. ಚಾರ್ಜ್ ಮಾಡುವ ರಗಳೆ ಬೇರೆ.

ಇದರ ಇನ್ನೊಂದು ಉಪಯೋಗ ಡಬ್ಬಿ ಮೇಲೆ ಬರೆದಿಲ್ಲ. ಅವನ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪ ತೀರಿಕೊಂಡರು. ಅವಳು ಸ್ಕೂಲಿಗೆ ವಾಪಸ್ ಬಂದಾಗ ಕೆಲವರು ಅಯ್ಯೋ ಪಾಪ ಅಂತ ಮುತ್ತಿಕೊಂಡರು, ಉಳಿದವರು ಕಂಡೂ ಕಾಣದ ಹಾಗೆ ಓಡಾಡಿದರು. ನಮ್ಮವನು ಹೋಗಿ, "ನಿಮ್ಮಪ್ಪ ಹೇಗೆ ಸತ್ರು?" ಅಂತ ನೇರವಾಗಿ ಕೇಳಿದ್ದಾನೆ. ಟೀಚರ್ ಗದರಿದ್ದಾರೆ. ಅವಳು ಮಾತ್ರ ಎಲ್ಲ ಹೇಳಿದ್ದಾಳೆ, ಯಾವ ವಾರ್ಡು, ಪಕ್ಕದಲ್ಲಿ ಯಾವ ಮೆಷಿನ್ ಇತ್ತು, ಯಾವಾಗ ಆಫ್ ಮಾಡಿದರು, ಎಲ್ಲ. ಇವನು ಮೆಷಿನ್ ಬಗ್ಗೆ ಮತ್ತೆ ಪ್ರಶ್ನೆ ಕೇಳಿದ್ದಾನೆ (ಕೇಳದೆ ಇರುತ್ತಾನಾ!), ಆಮೇಲೆ ತನ್ನ ಇಯರ್‌ಮಫ್ ತೆಗೆದು ಅವಳಿಗೆ ಕೊಟ್ಟಿದ್ದಾನೆ. ನಾನು ಅದನ್ನು ಮುಟ್ಟಿದರೂ ಕೂಗಾಡುವವನು!

ಈಗ ಊಟದ ಬಿಡುವಿನಲ್ಲಿ ಇಬ್ಬರೂ ಒಟ್ಟಿಗೆ. ಅವಳು ಹಾಕಿಕೊಂಡರೆ ಮಾತಾಡಿಸಬಾರದು, ತೆಗೆದರೆ ಮಾತಾಡಬಹುದು, ಇದು ಅವರಿಬ್ಬರ ರೂಲ್. ಮುಖ ನೋಡಿ ಬೇಜಾರಾಗಿದೆಯಾ ಅಂತ ಊಹಿಸುವುದು ಇವನಿಗೆ ಕಷ್ಟ, ಕಿವಿ ಮೇಲೆ ಇದೆಯಾ ಇಲ್ಲವಾ ಅಂತ ನೋಡುವುದು ಕಷ್ಟವಲ್ಲ ಅಲ್ವಾ? ಅವಳಿಗೂ ಸುಮ್ನೆ ಎಲ್ಲರಿಗೂ "ಚೆನ್ನಾಗಿದೀನಿ" ಅನ್ನುವ ಕೆಲಸ ತಪ್ಪಿತು.

ತೊಂದರೆಗಳೂ ಇವೆ. ಪ್ಯಾಡಿನೊಳಗೆ ಕಿವಿ ಜಾಸ್ತಿ ಬೆವರುತ್ತದೆ, ತಲೆ ಮೇಲಿನ ಪಟ್ಟಿ ಶುರುವಿನಲ್ಲಿ ಬಿಗಿ. ದಿನವಿಡೀ ಹಾಕಿಸಬೇಡಿ, ಮೌನಕ್ಕೆ ಒಗ್ಗಿದರೆ ಆಮೇಲೆ ಸಣ್ಣ ಸದ್ದೂ ಜೋರಾಗಿ ಕೇಳಬಹುದು ಅಂತ ಆಡಿಯಾಲಜಿಸ್ಟ್‌ಗಳು (ಶ್ರವಣ ತಜ್ಞರು) ಎಚ್ಚರಿಸುತ್ತಾರೆ.

ಇವನದ್ದು ಅವಳ ಹತ್ತಿರವೇ ಜಾಸ್ತಿ ಇರುವುದರಿಂದ ಇನ್ನೊಂದು ಆರ್ಡರ್ ಮಾಡಬೇಕು. ಇವನಿಗೆ ಅದೇ ನೀಲಿ ಆಗಬೇಕಂತೆ, ಅವಳು ಕಪ್ಪೇ ಬೇಕು ಅನ್ನುತ್ತಾಳೆ, ಜಗಳ ಮುಗಿಯುವವರೆಗೆ ಆರ್ಡರ್ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದಿದ್ದು ಪ್ಯಾಡಿಗೆ.