ಎಲ್‌ಪಿ, ಸ್ಟ್ರೀಮಿಂಗ್, ಡೌನ್‌ಲೋಡ್: ಮೆಲುದನಿಯ ಹಾಡಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಗೆದ್ದದ್ದು ಡೌನ್‌ಲೋಡ್. ತಮಾಷೆ ಏನೆಂದರೆ ಅದನ್ನು ನಾನು ಕೊಂಡದ್ದೇ ಅಲ್ಲ. ದುಬಾರಿ ಎಲ್‌ಪಿ (ಮುಳ್ಳಿಟ್ಟು ತಿರುಗಿಸಿ ಕೇಳುವ ದೊಡ್ಡ ತಟ್ಟೆ, ಅಂದರೆ ರೆಕಾರ್ಡ್) ಒಂದರ ಕವರಿನೊಳಗೆ ಎರಡು ಬೆರಳಗಲದ ಚೀಟಿ ಇತ್ತು, ಅದರ ಮೇಲೊಂದು ಕೋಡ್. ಎರಡು ವಾರ ಆ ಚೀಟಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಈಗ ಎಲ್‌ಪಿ ಗೋಡೆಗೆ ಒರಗಿ ಕೂತಿದೆ, ಚೀಟಿಯಿಂದ ಇಳಿಸಿಕೊಂಡ ಫೈಲು ದಿನಾ ಓಡುತ್ತಿದೆ.

ಇದಕ್ಕೆಲ್ಲ ಕಾರಣ ಒಂದು ಸಿನಿಮಾ. 2025ರಲ್ಲಿ ಬಂದ ‘ದ ಬ್ಯಾಲಡ್ ಆಫ್ ವಾಲಿಸ್ ಐಲ್ಯಾಂಡ್’. ಲಾಟರಿ ಹೊಡೆದ ಒಬ್ಬ ಒಂಟಿ ಮನುಷ್ಯ, ತನಗೆ ಪ್ರಾಣವಾಗಿದ್ದ ಫೋಕ್ ಹಾಡುಗಾರರ ಜೋಡಿಯನ್ನು ದ್ವೀಪಕ್ಕೆ ಕರೆಸಿಕೊಳ್ಳುತ್ತಾನೆ. ಆ ಜೋಡಿ ಬೇರೆಯಾಗಿ ವರ್ಷಗಳೇ ಕಳೆದಿವೆ. ಅವರು ಮತ್ತೆ ಒಟ್ಟಿಗೆ ಹಾಡಬೇಕು, ಕೇಳುವವನು ಇವನೊಬ್ಬನೇ. ಗಾಯಕನ ಪಾತ್ರ ಮಾಡಿರುವ ಟಾಮ್ ಬಾಸ್ಡನ್ ಅವರೇ ಹಾಡುಗಳನ್ನೂ ಬರೆದಿದ್ದಾರೆ. ಇದೇ ಕಥೆ 2007ರಲ್ಲಿ ಕಿರುಚಿತ್ರವಾಗಿ ಬಂದಿತ್ತು. ಅಷ್ಟು ವರ್ಷ ಒಂದೇ ಕಥೆಯ ಕೈ ಬಿಡದವರಿಗೆ ನನ್ನದೊಂದು ನಮಸ್ಕಾರ.

ಸಿನಿಮಾ ಮುಗಿಯುವ ಹೊತ್ತಿಗೆ ಆ ಮನುಷ್ಯನ ಹುಚ್ಚು ನನಗೂ ಹತ್ತಿತ್ತು. ಲಾಟರಿ ಮಾತ್ರ ಹೊಡೆದಿರಲಿಲ್ಲ. ಆದರೂ ಮರುವಾರವೇ ಬೇರೊಂದು ಜೋಡಿಯ ಎಲ್‌ಪಿ ತರಿಸಿದೆ. ಒಂದು ಗಿಟಾರ್, ಒಂದು ಅಕಾರ್ಡಿಯನ್, ಎರಡು ಗಂಟಲು, ಅಷ್ಟೆ. ಯಾರದು, ಎಲ್ಲಿಂದ ತರಿಸಿದೆ ಅನ್ನುವುದು ಬೇಡ. ಹಾಡಿದವರದ್ದೇನೂ ತಪ್ಪಿಲ್ಲ.

ಈ ಬಗೆಯ ಹಾಡಿನಲ್ಲಿ ನನಗೆ ಬೇಕಾದ್ದು ಸದ್ದಿನ ಆಚೀಚೆ ಇರುವ ಮೌನ. ಬೆರಳು ತಂತಿಯ ಮೇಲೆ ಜಾರುವ ಕಿರ್ರ್, ಹಾಡುವ ಮುಂಚೆ ಎಳೆದುಕೊಳ್ಳುವ ಉಸಿರು, ಕುರ್ಚಿ ಕಿರುಗುಟ್ಟುವುದು. ಹಾಡುಗಾರ್ತಿ ಆಡ್ರಿಯಾನ್ ಲೆಂಕರ್ 2020ರಲ್ಲಿ ಕಾಡಿನ ನಡುವಿನ ಒಂದು ಪುಟ್ಟ ಕ್ಯಾಬಿನ್‌ನಲ್ಲಿ ಕೂತು ಟೇಪಿನ ಮೇಲೆ ಧ್ವನಿಮುದ್ರಿಸಿದ ‘ಸಾಂಗ್ಸ್’ ಆಲ್ಬಂ ಕೇಳಿದರೆ ಹೇಳುವುದು ಅರ್ಥವಾಗುತ್ತದೆ. ಹೊರಗಿನ ಹಕ್ಕಿಗಳೂ ಅದರಲ್ಲಿ ಸೇರಿಕೊಂಡಿವೆ. ಹಾಗಾಗಿ ನನ್ನ ಹೋಲಿಕೆಗೆ ಇರುವುದು ಒಂದೇ ಅಳತೆ: ಈ ಮೌನವನ್ನು ಯಾರು ಹಾಳು ಮಾಡದೆ ನನ್ನ ಕಿವಿಗೆ ತಲುಪಿಸುತ್ತಾರೆ? ಸ್ಪೀಕರ್ ಎಷ್ಟು ವಾಟ್, ಆ್ಯಪ್‌ನಲ್ಲಿ ಎಷ್ಟು ಕೋಟಿ ಹಾಡು, ಅದೆಲ್ಲ ಬೇರೆ ಕಡೆ ಸಿಗುತ್ತದೆ.

ಎಲ್‌ಪಿಯಿಂದ ಶುರು ಮಾಡೋಣ, ಹೊಟ್ಟೆ ಉರಿ ಇರುವುದು ಅಲ್ಲೇ.

ಮೊದಲ ಸಂಜೆ ಎರಡು ಹಾಡು ಚೆನ್ನಾಗಿಯೇ ಹೋದವು, ಎರಡೂ ಬರೀ ಗಿಟಾರಿನವು. ಮೂರನೆಯದರಲ್ಲಿ ಅಕಾರ್ಡಿಯನ್ ಬಂತು. ಒಂದೇ ಸ್ವರ ಹಿಡಿದು ನಿಲ್ಲಬೇಕಿತ್ತು. ಆದರೆ ಅದು ತೂಗತೊಡಗಿತು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಮೇಲೆ. ಬೇಕೆಂದೇ ಹಾಗೆ ನುಡಿಸಿದ್ದಾರೇನೋ ಅಂದುಕೊಂಡೆ. ಆಮೇಲೆ ಇಬ್ಬರೂ ದನಿ ಸೇರಿಸಿ ಉದ್ದಕ್ಕೆ ಎಳೆದರು, ಅದೂ ತೂಗಿತು. ಐದನೇ ಹಾಡಿಗೆ ಬರುವಷ್ಟರಲ್ಲಿ ದೋಣಿಯಲ್ಲಿ ಕೂತ ಹಾಗಾಯಿತು. ಗೆಳೆಯನೊಬ್ಬನನ್ನು ಕೂರಿಸಿ ಕೇಳಿಸಿದೆ. “ನಂಗೇನೂ ಗೊತ್ತಾಗ್ತಿಲ್ಲ. ನಿಂಗೆ ಕಿವಿ ಜಾಸ್ತಿ ಆಯ್ತು ಕಣೋ” ಅಂದ.

ಕಿವಿ ಜಾಸ್ತಿ ಆಗಿರಲಿಲ್ಲ. ಸುಮ್ನೆ ಬಗ್ಗಿ ನೋಡಿದಾಗ ಕಣ್ಣಿಗೇ ಕಂಡಿತು. ಮುಳ್ಳು ಹಿಡಿದ ತೋಳು ನಿಧಾನವಾಗಿ ಒಳಕ್ಕೆ ಸರಿಯುತ್ತ ಹೋಗಬೇಕು, ಅಷ್ಟೇ ಅದರ ಕೆಲಸ. ನನ್ನದು ಎಡಕ್ಕೆ ಬಲಕ್ಕೆ ತಲೆ ಆಡಿಸುತ್ತಿತ್ತು, ಬೇಡ ಬೇಡ ಅನ್ನುವ ಹಾಗೆ. ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಹತ್ತು ಸಲ ತಲೆ ಆಡಿಸಲು 18 ಸೆಕೆಂಡು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ಎಲ್‌ಪಿ ಒಂದು ಸುತ್ತು ಮುಗಿಸಲು ಹಿಡಿಯುವುದು 1.8 ಸೆಕೆಂಡು. ಅಂದರೆ ಸುತ್ತಿಗೆ ಒಂದು ಸಲ ತೂಗಾಟ. ಕಳ್ಳ ಸಿಕ್ಕಿಬಿದ್ದ. ನಡುವಿನ ತೂತು ನಡುವಿನಲ್ಲಿರಲಿಲ್ಲ.

ಇದು ಎಷ್ಟು ಸಣ್ಣ ತಪ್ಪು, ಎಷ್ಟು ದೊಡ್ಡ ಹಿಂಸೆ ನೋಡಿ. ತೂತು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. ರೆಕಾರ್ಡಿನ ಅಂಚಿನಲ್ಲಿ, ನಡುವಿನಿಂದ ಸುಮಾರು 14.5 ಸೆಂಟಿಮೀಟರ್ ದೂರದಲ್ಲಿ, ಶ್ರುತಿ ಶೇ 0.7ರಷ್ಟು ಮೇಲೆ ಕೆಳಗೆ ಆಗುತ್ತದೆ. ಕೊನೆಯ ಹಾಡು ಇರುವುದು ನಡುವಿನಿಂದ ಆರೇಳು ಸೆಂಟಿಮೀಟರ್ ದೂರದಲ್ಲಿ. ಅಲ್ಲಿ ಅದೇ ಒಂದು ಮಿಲಿಮೀಟರಿಗೆ ಶೇ 1.5ರ ಆಸುಪಾಸು. ಪಿಯಾನೋದಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರವೇ ಶೇ 6ರಷ್ಟು. ಅಂದರೆ ಮೇಲಿಂದ ಕೆಳಕ್ಕೆ ಲೆಕ್ಕ ಹಾಕಿದರೆ ಅರ್ಧ ಮನೆಯಷ್ಟು ತೂಗಾಟ. ನನ್ನ ಮೊದಲ ಹಾಡು ಚೆನ್ನಾಗಿದ್ದದ್ದು, ಐದನೆಯದು ಹೊಟ್ಟೆ ತೊಳೆಸಿದ್ದು ಇದಕ್ಕೇ. ಗಿಟಾರಿನ ತಂತಿ ಮೀಟಿದ ಕೂಡಲೇ ಸದ್ದು ಇಳಿದುಹೋಗುತ್ತದೆ, ತಪ್ಪು ಅದರಡಿ ಅಡಗಿಕೊಳ್ಳುತ್ತದೆ. ಎಳೆದು ನಿಲ್ಲುವ ಅಕಾರ್ಡಿಯನ್ ಎಲ್ಲ ಬಾಯಿ ಬಿಡುತ್ತದೆ. ಗದ್ದಲದ ರಾಕ್ ಆಗಿದ್ದರೆ ನನಗೂ ತಿಳಿಯುತ್ತಿರಲಿಲ್ಲವೇನೋ.

ವಾಪಸು ಕಳಿಸಿದೆ. ಬದಲಿ ಬಂತು. ಅದೂ ತಲೆ ಆಡಿಸಿತು. ಚಿಕ್ಕ ಕಲಾವಿದರು ಒಂದು ಸಲಕ್ಕೆ ಕೆಲವೇ ನೂರು ಪ್ರತಿ ಒತ್ತಿಸುತ್ತಾರೆ. ಒಂದು ವಕ್ರವಾದರೆ ಅದೇ ಅಚ್ಚಿನ ಉಳಿದವೂ ವಕ್ರ ಆಗಿರುವ ಸಾಧ್ಯತೆಯೇ ಹೆಚ್ಚು. ಮಾರಿದವರಿಗೆ ತೋಳಿನ ವಿಡಿಯೋ ಕಳಿಸಿದೆ. ‘ಇಷ್ಟು ವ್ಯತ್ಯಾಸ ಸಾಮಾನ್ಯ’ ಎಂದು ಒಂದು ಸಾಲು ಬಂತು. ಅಲ್ಲಿಗೆ ಮುಗಿಯಿತು.

ಎಲ್‌ಪಿಯಲ್ಲಿ ಇಷ್ಟವಾದದ್ದೂ ಇದೆ, ಹೇಳದಿದ್ದರೆ ಅನ್ಯಾಯ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಎಲ್ಲರೂ ಇದನ್ನು ಕಾಟ ಅನ್ನುತ್ತಾರೆ, ನನಗೆ ಹಿತ. ‘ದ ಬ್ರೂಟಲಿಸ್ಟ್’ (2024) ಸಿನಿಮಾದ ನಡುವೆ 15 ನಿಮಿಷದ ಬಿಡುವು ಇದೆಯಲ್ಲ, ಚಿತ್ರದೊಳಗೇ ಸೇರಿಸಿರುವುದು, ಅಂಥದ್ದೇ ಇದು. ಎಲ್ಲಿ ಉಸಿರು ಬಿಡಬೇಕು ಅಂತ ಮಾಡಿದವರೇ ತೀರ್ಮಾನಿಸಿರುತ್ತಾರೆ. ಕವರಿನ ಚಿತ್ರವೂ ದೊಡ್ಡದು. ಚಿಟಪಟ ಸದ್ದು ಬಂದೇ ಬರುತ್ತದೆ, ಎಷ್ಟು ಒರೆಸಿದರೂ.

ಸ್ಟ್ರೀಮಿಂಗ್ ವಿಷಯಕ್ಕೆ ಬರೋಣ. ಹುಡುಕಾಟಕ್ಕೆ ಇದನ್ನು ಮೀರಿಸಿದ್ದಿಲ್ಲ. ನನಗೆ ಗೊತ್ತಿರುವ ಅರ್ಧಕ್ಕರ್ಧ ಹಾಡುಗಾರರು ಸಿಕ್ಕಿದ್ದೇ ಅಲ್ಲಿ, ಅದಕ್ಕೇ ಚಂದಾ ಇನ್ನೂ ನಿಲ್ಲಿಸಿಲ್ಲ. ಆದರೆ ಒಂದು ವಿಷಯಕ್ಕೆ ಮಾತ್ರ ಕ್ಷಮೆ ಇಲ್ಲ. ಆಲ್ಬಂ ಮುಗಿಯುತ್ತದೆ. ಕೊನೆಯ ಸ್ವರ ಇಳಿಯುತ್ತಿದೆ, ಕೋಣೆಯ ಸದ್ದಷ್ಟೇ ಉಳಿದಿದೆ. ಎರಡು ಸೆಕೆಂಡು ಹಾಗೇ ಕೂರೋಣ ಅನ್ನುವಷ್ಟರಲ್ಲಿ ಯಾರೋ ಗೊತ್ತಿಲ್ಲದವರು ‘ಇದೂ ಹಾಗೇ ಇದೆ ಕೇಳಿ’ ಅಂತ ನುಗ್ಗುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿದೆ. ಫೋನ್‌ನಲ್ಲಿ ಆಫ್ ಆಯಿತು, ಟಿವಿಯಲ್ಲಿ ಆಗಲಿಲ್ಲ. ಟಿವಿಯಲ್ಲಿ ಆಫ್ ಮಾಡಿದೆ. ಆ್ಯಪ್ ಅಪ್‌ಡೇಟ್ ಆದ ಮೇಲೆ ಮತ್ತೆ ಆನ್.

ಸಿನಿಮಾಕ್ಕೂ ಇದೇ ಗತಿ. ಸಣ್ಣ ಬಜೆಟ್ಟಿನ ಚಿತ್ರಗಳಲ್ಲಿ ಎಷ್ಟೋ ಸಲ ಒಳ್ಳೆಯ ಹಾಡು ಬರುವುದೇ ಹೆಸರುಗಳು ಉರುಳುವಾಗ. ಅದೇ ಹೊತ್ತಿಗೆ ಪರದೆ ಮುದುಡಿ ಮೂಲೆ ಸೇರುತ್ತದೆ, ಮುಂದಿನ ಚಿತ್ರಕ್ಕೆ ಎಣಿಕೆ ಶುರುವಾಗುತ್ತದೆ: ಹತ್ತು, ಒಂಬತ್ತು, ಎಂಟು. ಮೂಗು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ರಿಮೋಟ್ ಎಲ್ಲಿದೆ ಅಂತ ದಿಂಬಿನ ಕೆಳಗೆ ಹುಡುಕುವುದೇ ನನ್ನ ಪಾಲಿನ ಕ್ಲೈಮ್ಯಾಕ್ಸ್. ಥಿಯೇಟರಿನಲ್ಲಿ ಕನಿಷ್ಠ ದೀಪ ಹಾಕಿ ಸುಮ್ಮನಾಗುತ್ತಾರೆ.

ಪ್ಲೇಲಿಸ್ಟ್‌ನಲ್ಲಿ ಕೇಳಿದರೆ ಇನ್ನೊಂದು ಕಿರಿಕಿರಿ. ಎಲ್ಲ ಹಾಡುಗಳ ದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತಾರಲ್ಲ, ಆಗ ಪಿಸುಗುಟ್ಟಿದ ಹಾಡೂ ಪಕ್ಕದ ಹಾಡಿನಷ್ಟೇ ಜೋರು. ಪಿಸುಮಾತನ್ನು ಜೋರಾಗಿ ಹೇಳಿದರೆ ಅದು ಪಿಸುಮಾತು ಹೇಗಾಗುತ್ತದೆ? ಆಫ್ ಮಾಡಬಹುದು, ಮಾಡಿದ್ದೇನೆ.

ಇನ್ನು ಅಲ್ಲಿರುವುದು ನಾಳೆಯೂ ಅಲ್ಲೇ ಇರುತ್ತದೆ ಅನ್ನುವ ಹಾಗಿಲ್ಲ. 2022ರ ಜನವರಿಯಲ್ಲಿ ನೀಲ್ ಯಂಗ್, ಅವರ ಹಿಂದೆಯೇ ಜೋನಿ ಮಿಚೆಲ್ ತಮ್ಮ ಹಾಡುಗಳನ್ನು ಸ್ಪಾಟಿಫೈನಿಂದ ತೆಗೆಸಿದರು. ಮತ್ತೆ ಬಂದದ್ದು 2024ರಲ್ಲಿ. ಅವರ ಕಾರಣ ಅವರಿಗೆ. ಸಿನಿಮಾಗಳಂತೂ ಒಪ್ಪಂದ ಮುಗಿದ ದಿನ ಹೇಳದೆ ಕೇಳದೆ ಹೊರಡುತ್ತವೆ. ನನ್ನ ‘ಆಮೇಲೆ ನೋಡೋಣ’ ಪಟ್ಟಿಯಲ್ಲಿ ಈಗ ಜಾಸ್ತಿ ಇರುವುದು ಬೂದು ಬಣ್ಣದ ಹೆಸರುಗಳೇ.

ಡೌನ್‌ಲೋಡ್‌ನಲ್ಲಿ ನನಗೆ ಕಂಡ ಸುಖ ಬಹಳ ಸರಳ. ಮುಗಿದರೆ ಮುಗಿಯುತ್ತದೆ. ಮೂರನೇ ವಾರ ಬೇಜಾರಿನಲ್ಲಿ ಆ ಚೀಟಿಯ ಕೋಡ್ ಹಾಕಿದೆ, ಫ್ಲಾಕ್ ಫೈಲುಗಳು (ಸದ್ದಿನಲ್ಲಿ ಏನನ್ನೂ ಕಳೆಯದೆ ಕುಗ್ಗಿಸಿದವು) ಇಳಿದವು. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮೂರನೇ ಹಾಡಿಗೆ ಹೋದೆ. ಅಕಾರ್ಡಿಯನ್ ಬಂತು, ನಿಂತಿತು. ಅಲ್ಲಾಡಲಿಲ್ಲ. ಆ ಸ್ವರದ ಹಿಂದೆ ಅಕಾರ್ಡಿಯನ್ನಿನ ತಿದಿ ಮಡಚಿಕೊಳ್ಳುವ ಸದ್ದು ಇದೆ, ಚರ್ಮದ ಚೀಲ ಹಿಸುಕಿದ ಹಾಗೆ. ಎಲ್‌ಪಿಯಲ್ಲಿ ಅದು ಚಿಟಪಟದಲ್ಲಿ ಮುಚ್ಚಿಹೋಗಿತ್ತು. ಕೊನೆಯ ಹಾಡು ಮುಗಿದ ಮೇಲೆ ಹನ್ನೊಂದು ಸೆಕೆಂಡು ಬರೀ ಕೋಣೆ. ಯಾರೋ ಗಿಟಾರನ್ನು ನೆಲಕ್ಕೆ ಇಡುತ್ತಾರೆ. ಆಮೇಲೆ ಏನೂ ಇಲ್ಲ. ಯಾರೂ ನುಗ್ಗಲಿಲ್ಲ.

ದುಡ್ಡಿನ ಲೆಕ್ಕವೂ ಇದರ ಕಡೆಗೇ. ಕಲಾವಿದರು ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಒಂದು ಡಿಜಿಟಲ್ ಆಲ್ಬಂ ಕೊಂಡರೆ ತಾಣ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇ 15. ಪಾವತಿ ಶುಲ್ಕ ಕಳೆದು ಮಿಕ್ಕದ್ದು ಹಾಡಿದವರಿಗೆ, ಇಲ್ಲವೇ ಅವರ ಲೇಬಲ್ಲಿಗೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತ ಬಂದಿದ್ದಾರೆ. ನಾನು ಬೇಕಾದ್ದನ್ನೆಲ್ಲ ಪಟ್ಟಿ ಮಾಡಿಟ್ಟು ಆ ಶುಕ್ರವಾರಕ್ಕೆ ಕಾಯುತ್ತೇನೆ. ಇತ್ತ ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಲೆಕ್ಕದಲ್ಲಿ ಸಿಗಬೇಕಾದ ಹಣದ ಪಾಲೇ ಇಲ್ಲ. ನಾನು ಕೇಳುವವರಲ್ಲಿ ಎಷ್ಟೋ ಮಂದಿ ಆ ಗೆರೆಯ ಆಚೀಚೆ ಇರುವವರು.

ತೊಂದರೆ ಇಲ್ಲವೇ? ಇದೆ. ಫೈಲುಗಳನ್ನು ನೀವೇ ಸಾಕಬೇಕು. ಒಂದು ಆಲ್ಬಮ್ಮಿನ ಹಾಡುಗಳೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ನಿಂತು, ಕೊನೆಯ ಹಾಡು ಮೊದಲು ಬಂದು, ಅದೇ ಸರಿ ಅಂತ ಒಂದು ವಾರ ಕೇಳಿದವನು ನಾನು. ನಲವತ್ತು ನಿಮಿಷದ ಆಲ್ಬಂ ಇನ್ನೂರು ಎಂಬಿ ಆಸುಪಾಸು. ಇನ್ನೊಂದು ಡ್ರೈವ್‌ನಲ್ಲಿ ಪ್ರತಿ ಇಡದಿದ್ದರೆ ಒಂದು ದಿನ ಅಳಬೇಕಾಗುತ್ತದೆ.

ಸಿಡಿ? ಸದ್ದು ಫ್ಲಾಕ್‌ನಷ್ಟೇ ಚೆನ್ನಾಗಿರುತ್ತದೆ, ಹಾಕಲು ಡ್ರೈವ್ ಎಲ್ಲಿದೆ? ಕ್ಯಾಸೆಟ್ ಮತ್ತೆ ಬಂದಿದೆ ಅಂತಾರೆ. ಬರಲಿ.

ನಾನು ಹೆಚ್ಚಾಗಿ ರಾತ್ರಿ ಕೇಳುವವನು, ಒಬ್ಬನೇ, ಹೆಡ್‌ಫೋನ್‌ನಲ್ಲಿ. ಒಂದು ಆಲ್ಬಂ ಹಿಡಿದರೆ ಅದನ್ನೇ ತಿಂಗಳುಗಟ್ಟಲೆ. ಹಾಗಾಗಿ ಹೊಸಬರ ರುಚಿ ನೋಡಲು ಸ್ಟ್ರೀಮಿಂಗ್, ಮೂರು ಸಲ ಕೇಳಿಯೂ ಬೇಕು ಅನ್ನಿಸಿದರೆ ಡೌನ್‌ಲೋಡ್, ತಿಂಗಳಿಗೆ ಒಂದೇ. ಒಂದು ಎಲ್‌ಪಿಯ ದುಡ್ಡಿಗೆ ಮೂರು ನಾಲ್ಕು ಆಲ್ಬಂ ಇಳಿಸಿಕೊಳ್ಳಬಹುದು. ಮನೆ ತುಂಬ ಜನ, ದೊಡ್ಡ ಸ್ಪೀಕರ್, ಕವರ್ ಕೈಯಲ್ಲಿ ಹಿಡಿದು ಕೂರುವ ಆಸೆ ಇದ್ದವರು ಎಲ್‌ಪಿ ತರಿಸಲಿ. ಬಂದ ದಿನವೇ ತೋಳಿನ ಕಡೆ ಒಮ್ಮೆ ನೋಡಲಿ, ಅಷ್ಟೆ.

ನನ್ನ ಎಲ್‌ಪಿಗೆ ಆಮೇಲೆ ಚಿಕಿತ್ಸೆಯೂ ಆಯಿತು. ಕಡ್ಡಿಯಂಥ ದುಂಡು ಅರ ತಂದು ತೂತನ್ನು ಚೂರೇ ಚೂರು ಅಗಲ ಮಾಡಿದೆ. ಈಗ ಮುಳ್ಳು ಇಟ್ಟು, ತೋಳಿನ ಮೇಲೆ ಕಣ್ಣಿಟ್ಟು, ರೆಕಾರ್ಡಿನ ಅಂಚನ್ನು ಉಗುರಿನಿಂದ ಒಂದಿಷ್ಟು ತಳ್ಳಿದರೆ ತೂಗಾಟ ನಿಲ್ಲುತ್ತದೆ. ಮೊದಲ ಬದಿಗೆ ಮೂರು ನಿಮಿಷ ಸಾಕು. ಮಗುಚಿ ಹಾಕಿದರೆ ಆ ಬದಿಯ ಗೆರೆಗಳು ಸರಿದಿರುವುದು ಇನ್ನೊಂದು ದಿಕ್ಕಿಗೆ.